ಈರುಳ್ಳಿ ಕೀಳುವ ಕಾಲದ ಪರೀಕ್ಷೆ

ಪುಸ್ತಕದ ನಡುವಿನ ಒಂದು ಪುಟದಲ್ಲಿ ಆನೆ ಬಂದಿತ್ತು. ಗಟ್ಟಿಯಾಗಿ ಓದುತ್ತಿದ್ದವಳು ಅಲ್ಲೇ ನಿಂತೆ. ಅದೇ ಸಾಲಿಗೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಬಸಳೆ ಚಪ್ಪರದ ಕೆಳಗೆ ಕೂತು ಕೇಳುತ್ತಿದ್ದ ಅತ್ತೆ ಕತ್ತೆತ್ತಿದರು.

"ಎಂತ ಅಂದೆ?"

"ಗಜನ ಬಾಗಿಲು ಅಂತ ಬರ್ದಿದ್ರು ಅತ್ತೆ. ಗಜ ಅಂದ್ರೆ ಆನೆ. ಹಿಂದೆ ರಾಜರು ಆನೆ ಕಟ್ಟುತ್ತಿದ್ದ ಜಾಗದ ನೆನಪು ಈ ಹಾಡಲ್ಲಿ ಉಳಿದದೆ ಅಂತ ಕೆಳಗೆ ವಿವರಣೆ ಕೊಟ್ಟಿದ್ರು."

ಅತ್ತೆ ಎಲೆಯಡಿಕೆ ಉಗುಳಿ ಬಂದು ನಕ್ಕರು. "ನಮ್ಮ ಗದ್ದೆಗೆ ಆನೆ ಎಲ್ಲಿಂದ ಬಂತೇ? ನಾ ಹೇಳಿದ್ದು ಗಜನಿ ಬಾಗಿಲು."

ಗಜನಿ ಅಂದರೆ ನಮ್ಮ ಕುಮಟಾ ಕಡೆ ಹೊಳೆಯಂಚಿನ ಗದ್ದೆ. ಉಬ್ಬರಕ್ಕೆ ಉಪ್ಪುನೀರು ನುಗ್ಗುವ ಜಾಗ. ನೀರು ತಡೆಯಲು ಕಟ್ಟೆಗೆ ಹಲಗೆಯ ಬಾಗಿಲು ಇರುತ್ತದೆ. ಆ ಬಾಗಿಲು ತೆರೆಯುವ ಹೊತ್ತಿನ ಹಾಡದು. ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯದಿಂದ ಬಂದ ಹುಡುಗಿಯೊಬ್ಬಳು ನಾಲ್ಕು ದಿನ ನಮ್ಮ ಜಗುಲಿಯಲ್ಲಿ ಕೂತು ಅತ್ತೆಯ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದಳು. ಒಳ್ಳೆಯ ಹುಡುಗಿ. ಪ್ರಬಂಧ ಮುಗಿದ ಮೇಲೆ ಮರೆಯದೆ ಒಂದು ಪ್ರತಿ ಕಳಿಸಿದ್ದಳು. ನಾಟಿ ಮುಗಿದು ಕೈ ಸ್ವಲ್ಪ ಬಿಡುವಾಗಿದ್ದ ಆ ವಾರದಲ್ಲಿ ನಾನು ಅದನ್ನು ಪೂರ್ತಿ ಓದಿದೆ. ಆನೆಯಂಥ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದೆ. ಹದಿನಾಲ್ಕಾದವು.

ಫೋನು ಮಾಡಿದೆ. ಅವಳು ಒಂದೊಂದನ್ನೂ ಕೇಳಿ ಬರೆದುಕೊಂಡಳು. ಕೊನೆಗೆ, "ಅಕ್ಕ, ಇದನ್ನ ನಾನಲ್ಲ, ನೀವು ಮಾಡಬೇಕಿತ್ತು" ಅಂದಳು.

"ಮಾಡೂಕೆ ಎಂತ ಬೇಕು?"

"ಮೊದಲು ಪಿಯುಸಿ. ಆಮೇಲೆ ಬಿ.ಎ., ಎಂ.ಎ. ಅಲ್ಲಿಂದ ಮುಂದೆ ಸಂಶೋಧನೆಗೆ ಸೇರಬಹುದು."

ಅವಳು ಸಮಾಧಾನಕ್ಕೆ ಹೇಳಿದ್ದಿರಬಹುದು. ನಾನು ಹಾಗೆ ತೆಗೆದುಕೊಳ್ಳಲಿಲ್ಲ. ನನಗೆ ಆಗ ಮೂವತ್ತೇಳು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಮದುವೆಯಾದದ್ದು. ಮಕ್ಕಳಿಬ್ಬರು ಹೈಸ್ಕೂಲಿನಲ್ಲಿದ್ದರು, ಗಂಡ ಗೋವಾದಲ್ಲಿ ಗಾರೆ ಕೆಲಸದ ಮೇಸ್ತ್ರಿ. ಗದ್ದೆ, ತರಕಾರಿ ಎಲ್ಲ ನಾನು ಮತ್ತು ಅತ್ತೆ. ಗಂಡನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ನಡುವೆ ಬಿಡೂದಿಲ್ಲ ಅಲ್ದಾ?"

"ಬಿಡೂದಿಲ್ಲ."

"ಹಾಂಗಾರೆ ಆತು."

ಅತ್ತೆ ಮಾತ್ರ ಒಪ್ಪಲಿಲ್ಲ. "ತಪ್ಪು ಬರ್ದದ್ದು ಆ ಹುಡುಗಿ, ಓದೂದು ನೀನಾ?" ಅಂದರು.

ಖಾಸಗಿ ಅಭ್ಯರ್ಥಿಯಾಗಿ ಕಟ್ಟಿದರೆ ಮೊದಲ ವರ್ಷ ಬೇಕಿಲ್ಲ, ನೇರ ಎರಡನೇ ಪಿಯುಸಿ ಬರೆಯಬಹುದು ಎಂದು ವಿಚಾರಿಸಿ ತಿಳಿದುಕೊಂಡೆ. ಕನ್ನಡ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅರ್ಜಿ ಹಿಡಿದು ಕಾಲೇಜಿಗೆ ಹೋದ ದಿನವೇ ಮೊದಲ ಗಂಟು. ಅಂಕಪಟ್ಟಿಯಲ್ಲಿ ನನ್ನ ಹೆಸರು ನಾಗಿ. ಆಧಾರಿನಲ್ಲಿ ನಾಗವೇಣಿ.

"ಇದರಲ್ಲಿ ನೀವು ಯಾವುದು?" ಗುಮಾಸ್ತರು ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ಕೇಳಿದರು.

"ಎರಡೂ ನಾನೇ."

"ಅದನ್ನ ನೋಟರಿ ಹೇಳ್ಬೇಕು, ನೀವಲ್ಲ."

ಅಫಿಡವಿಟ್ಟಿಗೆ ಎರಡು ದಿನ ಅಲೆದೆ. ಹೆಸರಿನ ಕಾಗುಣಿತ ಒಂದು ಕಡೆ ಮತ್ತೆ ತಪ್ಪಾಗಿ ಮೂರನೇ ದಿನವೂ ಹೋದೆ. ಅರ್ಜಿ ಸೇರಿಸಿಕೊಂಡರು. ಪ್ರವೇಶ ಪತ್ರದಲ್ಲಿ ನಾಗಿ ಎಂದೇ ಬಂತು. ನನಗೇನೂ ಬೇಸರವಾಗಲಿಲ್ಲ. ಶಾಲೆಗೆ ಹೋಗುತ್ತಿದ್ದವಳು ಅವಳೇ ಅಲ್ಲವೇ.

ಓದಿಸುವವರು ಬೇಕಿತ್ತು. ಹೊನ್ನಾವರದಲ್ಲಿ ನಿವೃತ್ತ ಇತಿಹಾಸ ಉಪನ್ಯಾಸಕರೊಬ್ಬರು ನಮ್ಮಂಥವರಿಗೆ ಭಾನುವಾರ ತಮ್ಮ ಜಗುಲಿಯಲ್ಲೇ ಪಾಠ ಹೇಳುತ್ತಾರೆ ಎಂದು ಗೊತ್ತಾಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಂಗಸರು ಇಬ್ಬರೇ. ನಾನು ಕುಮಟಾದಿಂದ ಬಸ್ಸಿನಲ್ಲಿ ತೆಂಕು ಮುಖ ಮಾಡಿ ಹೋದರೆ, ಇನ್ನೊಬ್ಬಳು ಭಟ್ಕಳದ ಹತ್ತಿರದ ಜಾಲಿಯಿಂದ ಬಡಗು ಮುಖ ಮಾಡಿ ಬರುತ್ತಿದ್ದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಮನೆಯಲ್ಲೇ ಮದುವೆ ಬಟ್ಟೆಗಳಿಗೆ ಕಸೂತಿ ಹಾಕುವ ಕೆಲಸ. ಮನೆಮಾತು ಭಟ್ಕಳದ ಮುಸ್ಲಿಮರ ನವಾಯತಿ, ಶಾಲೆಯಲ್ಲಿ ಉರ್ದು, ಟಿವಿ ನೋಡಿ ಕಲಿತ ಇಂಗ್ಲಿಷ್. ಕನ್ನಡ ಮಾತಾಡಲು ಬರುತ್ತಿತ್ತು, ಬರೆಯುವಾಗ ಒತ್ತಕ್ಷರಗಳು ಅವಳ ಕೈಗೆ ಸಿಗುತ್ತಿರಲಿಲ್ಲ. ನನಗೆ ಇಂಗ್ಲಿಷಿನ ಒಂದು ವಾಕ್ಯ ಕಟ್ಟಲು ಹತ್ತು ನಿಮಿಷ.

"ಅಕ್ಕ, ನೀವು ನನಗೆ ಒತ್ತು ಕಲಿಸಿ, ನಾನು ನಿಮಗೆ ಗ್ರಾಮರ್" ಅಂದಳು ಎರಡನೇ ಭಾನುವಾರ. ಅಂದಿನಿಂದ ಪಾಠ ಮುಗಿದ ಮೇಲೆ ಒಂದು ತಾಸು ಬಸ್ ಸ್ಟ್ಯಾಂಡಿನ ಬೆಂಚು ನಮ್ಮದಾಯಿತು. ವಾರದ ನಡುವೆ ಅವಳು ಇಂಗ್ಲಿಷ್ ವಾಕ್ಯಗಳನ್ನು ಮಾತಾಡಿ ಕಳಿಸುತ್ತಿದ್ದಳು. ನಾನು ಕನ್ನಡ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೆ.

ಇತಿಹಾಸದ ಬಗ್ಗೆ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಗೈಡು ತಂದಿದ್ದೆ. ಅತ್ತೆಯ ಜೊತೆ ಇಪ್ಪತ್ತು ವರ್ಷ ಗದ್ದೆಯಲ್ಲಿ ಬಗ್ಗಿ ಹಾಡಿದವಳು ನಾನು. ಒಂದು ಸಾಲು ಹಿಡಿದರೆ ಮುಂದಿನದು ತಾನಾಗಿ ಬಾಯಿಗೆ ಬರುವುದು ನನಗೆ ರೂಢಿ. ಗೈಡಿನ ಉತ್ತರಗಳನ್ನೂ ಹಾಗೆಯೇ ರಾಗಕ್ಕೆ ಕೂಡಿಸಿಕೊಂಡೆ. ಫೆಬ್ರವರಿಯ ಹೊತ್ತಿಗೆ ನಲವತ್ತೆರಡು ದೊಡ್ಡ ಉತ್ತರಗಳು ಒಂದು ಅಕ್ಷರ ಬಿಡದೆ ಬರುತ್ತಿದ್ದವು. ಮೇಷ್ಟ್ರ ಮುಂದೆ ಒಂದನ್ನು ಒಪ್ಪಿಸಿದಾಗ ಅವರು ಕಣ್ಣು ಮುಚ್ಚಿ ಕೇಳಿದರು.

"ಚಂದ ಉಂಟು. ಆದರೆ ನಾಗವೇಣಿ, ನೀವು ಹೇಳಿದ್ದರಲ್ಲಿ ನಿಮಗೆ ತಿಳಿದದ್ದು ಎಷ್ಟು?"

"ಎಲ್ಲ ಬರ್ತದೆ ಸರ್."

"ಬರೂದು ಬೇರೆ" ಅಂದರು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮಾರ್ಚ್ ಬಂತು. ನಮ್ಮಲ್ಲಿ ಸಿಹಿ ಈರುಳ್ಳಿ ಕೀಳುವ ಕಾಲವೂ ಅದೇ. ಕಿತ್ತ ಈರುಳ್ಳಿಯನ್ನು ಸೊಪ್ಪಿನ ಸಮೇತ ಬಾಡಿಸಿ, ಜಡೆಯ ಹಾಗೆ ಹೆಣೆದು ಗೊಂಚಲು ಮಾಡಿ ಹೆದ್ದಾರಿ ಬದಿಗೆ ತೂಗುಹಾಕಿ ಮಾರುತ್ತೇವೆ. ಪರೀಕ್ಷೆ ಇಲ್ಲದ ದಿನ ಕೀಳುವುದು, ಇರುವ ದಿನ ಬೆಳಿಗ್ಗೆ ಅತ್ತೆಗೆ ಗೊಂಚಲು ಏರಿಸಿಕೊಟ್ಟು ಪರೀಕ್ಷಾ ಕೇಂದ್ರವಿದ್ದ ಹೊನ್ನಾವರದ ಬಸ್ಸು ಹತ್ತುವುದು. ಕನ್ನಡ ಸುಲಭವಾಯಿತು. ಇಂಗ್ಲಿಷಿನ ದಿನ ಬೆವರಿದೆ, ಆದರೂ ಪತ್ರ ಬರೆಯುವ ಪ್ರಶ್ನೆಯನ್ನು ಪೂರ್ತಿ ಮಾಡಿದೆ. ಉಳಿದವು ಮೂರೂ ಹೇಗೋ ಆದವು.

ಇತಿಹಾಸದ ದಿನ ಪ್ರಶ್ನೆಪತ್ರಿಕೆ ಓದಿ ಖುಷಿಯಾಯಿತು. ಎಲ್ಲ ನನಗೆ ಬರುವ ಪಾಠಗಳೇ. ಮೊದಲ ದೊಡ್ಡ ಪ್ರಶ್ನೆ ಸಾವಿರದ ಎಂಟುನೂರ ಐವತ್ತೇಳರ ದಂಗೆಯ ಪರಿಣಾಮಗಳ ಬಗ್ಗೆ. ನನ್ನ ಬಾಯಿಯಲ್ಲಿ ಆ ಉತ್ತರ ಕಾರಣಗಳಿಂದ ಶುರುವಾಗಿ ಪರಿಣಾಮಗಳಿಗೆ ಮುಗಿಯುತ್ತಿತ್ತು. ನಡುವಿನಿಂದ ಎತ್ತಿಕೊಳ್ಳಲು ನೋಡಿದೆ. ಸಿಗಲಿಲ್ಲ. ಮತ್ತೆ ನೋಡಿದೆ. ಪಲ್ಲವಿ ಇಲ್ಲದೆ ಹಾಡಿನ ನಾಲ್ಕನೇ ನುಡಿ ಹೇಳು ಅಂದರೆ ಹೇಗೋ ಹಾಗೆ. ಬೇರೆ ದಾರಿ ಕಾಣದೆ ಮೊದಲಿನಿಂದ ಗುನುಗಿಕೊಂಡೆ.

"ಶ್! ಎಂತ ಅದು ಶಬ್ದ?" ಕೊಠಡಿಯಲ್ಲಿದ್ದ ಮೇಡಂ ಹತ್ತಿರ ಬಂದರು. ಸುತ್ತಲಿನ ಹುಡುಗರೆಲ್ಲ ತಿರುಗಿ ನೋಡಿದರು. ನಾನು ತುಟಿ ಬಿಗಿಹಿಡಿದೆ. ತುಟಿ ನಿಂತ ಮೇಲೆ ತಲೆಯೂ ನಿಂತಿತು. ಆಮೇಲೆ ಮಾಡಿದ್ದೆಂದರೆ, ಗುನುಗುವ ಬದಲು ಕಾರಣಗಳನ್ನೆಲ್ಲ ಕಾಗದದ ಮೇಲೆ ಬರೆಯುತ್ತ ಹೋಗಿ ಪರಿಣಾಮಗಳನ್ನು ಮುಟ್ಟಿದ್ದು. ಮುಂದಿನ ಪ್ರಶ್ನೆಗಳಿಗೂ ಹಾಗೆಯೇ. ಗಂಟೆ ಹೊಡೆದಾಗ ಎರಡು ದೊಡ್ಡ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ.

ಏಪ್ರಿಲಿನಲ್ಲಿ ಫಲಿತಾಂಶ ಬಂದಾಗ ನಾನು ಹೆದ್ದಾರಿ ಬದಿಯಲ್ಲಿ ಕೂತಿದ್ದೆ. ಜಾಲಿಯಿಂದ ಫೋನು ಬಂತು. "ಅಕ್ಕ, ನಾನು ಪಾಸ್! ಕನ್ನಡದಲ್ಲೂ ಪಾಸ್! ನಿಮ್ಮದು ನಂಬರ್ ಹೇಳಿ, ನೋಡ್ತೇನೆ." ಹೇಳಿದೆ. ಅವಳು ನಂಬರನ್ನು ಮತ್ತೊಮ್ಮೆ ಕೇಳಿ ಒತ್ತಿದಳು.

"ಇಂಗ್ಲಿಷ್ ಎಂತಾಯ್ತು?" ನಾನೇ ಕೇಳಿದೆ.

"ಇಂಗ್ಲಿಷ್ ಪಾಸ್ ಅಕ್ಕ. ಒಳ್ಳೆ ಮಾರ್ಕ್ಸ್. ಹಿಸ್ಟರಿ... ಹಿಸ್ಟರಿ ಹೋಗಿದೆ."

ಅವಳಿಗೆ ಸಂತೋಷ ಹೇಳಬೇಕಿತ್ತು. ಹೇಳಿದೆ, ಆದರೆ ಸ್ವರ ಸರಿಯಾಗಿ ಬರಲಿಲ್ಲ, ಅವಳಿಗೂ ಗೊತ್ತಾಯಿತು. ಕಾರಿನವರೊಬ್ಬರು ಗೊಂಚಲು ಕೇಳಿದರು. ಒಂದು ಕೇಳಿದವರಿಗೆ ಎರಡು ಕೊಟ್ಟೆ. ಮಡಿಲಲ್ಲಿ ಹೆಣೆಯುತ್ತಿದ್ದ ಜಡೆ ಎರಡು ಸಲ ಬಿಚ್ಚಿಹೋಯಿತು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹೆಣೆದರು.

ಮೇಷ್ಟ್ರು ಹೇಳಿದಂತೆ ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿದೆ. ಅದು ಬಂದ ದಿನ ಅವರ ಜಗುಲಿಯಲ್ಲಿ ಇಬ್ಬರೂ ಕೂತು ಪುಟ ಪುಟವಾಗಿ ನೋಡಿದೆವು. ನನ್ನದೇ ಕೈಬರಹ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ಎರಡೂವರೆ ಪುಟ ಕಾರಣಗಳು, ಅವುಗಳ ಮೇಲೆ ಒಂದು ಉದ್ದ ಗೆರೆ. ಕೊನೆಯಲ್ಲಿ ಆರೇಳು ಸಾಲು ಪರಿಣಾಮ, ಅಲ್ಲಿಗೆ ಮಾತ್ರ ಅಂಕ.

"ಇಷ್ಟೂ ಸರಿ ಬರೆದಿದ್ದೀರಿ, ಒಂದು ತಪ್ಪಿಲ್ಲ. ಕೇಳಿದ್ದು ಮಾತ್ರ ಇದಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಪಾಸಿಗೆ ಬೇಕಾದ್ದು ಇನ್ನು ಐದು. ಮರು ಮೌಲ್ಯಮಾಪನಕ್ಕೆ ಹಾಕಿದರೆ ಇಲ್ಲಿ ಎರಡು, ಅಲ್ಲಿ ಮೂರು ಸಿಕ್ಕರೂ ಸಿಗಬಹುದು. ಇಲ್ಲದಿದ್ದರೆ ಮತ್ತೆ ಬರೆಯುವವರ ಎರಡನೇ ಪರೀಕ್ಷೆ ಉಂಟು, ಅದಕ್ಕೆ ಇನ್ನು ಮೂರು ವಾರವೂ ಇಲ್ಲ. ಈರುಳ್ಳಿಯೂ ಪೂರ್ತಿ ಮುಗಿದಿಲ್ಲ ನಿಮ್ಮದು. ಯೋಚನೆ ಮಾಡಿ."

ನಾನು ಪುಟಗಳನ್ನು ಮತ್ತೆ ಮೊದಲಿನಿಂದ ತಿರುವಿದೆ. ಐದು ಅಂಕ ಬೇಡಿ ಪಡೆದರೆ ಪಾಸಾಗುತ್ತಿದ್ದೆನೇನೋ. ಬಿ.ಎ.ಗೂ ಸೇರುತ್ತಿದ್ದೆ. ಅಲ್ಲಿ ಮೂರು ವರ್ಷ ಹೀಗೆಯೇ ಒಪ್ಪಿಸುತ್ತಿದ್ದೆ. ನನ್ನ ಅತ್ತೆಯ ಹಾಡನ್ನು ತಿಳಿಯದೆ ಬರೆದರು ಎಂದು ಹದಿನಾಲ್ಕು ಗುರುತು ಹಾಕಿದವಳು ನಾನು. ಈ ಪತ್ರಿಕೆಯಲ್ಲಿ ನಾನೂ ತಿಳಿಯದೆ ಬರೆದಿದ್ದೆ. ವಿಶ್ವವಿದ್ಯಾಲಯದ ಆ ಹುಡುಗಿಯಾದರೂ ಕೇಳಿಸಿದ್ದನ್ನು ಅರ್ಥ ಮಾಡಿಕೊಳ್ಳಲು ನೋಡಿದ್ದಳು.

"ಬ್ಯಾಡ ಸರ್. ಪತ್ರಿಕೆ ನೋಡಿದವರು ತಪ್ಪು ಮಾಡಿಲ್ಲ. ನಾನು ಎರಡನೇ ಪರೀಕ್ಷೆಗೆ ಕಟ್ತೇನೆ."

"ಗೈಡು?"

"ಅದನ್ನ ಇಲ್ಲೇ ಬಿಟ್ಟು ಹೋಗ್ತೇನೆ."

ಅವರು ನಕ್ಕರು. "ಹಾಗಾದರೆ ಕೇಳಿ. ಯಾವ ಪ್ರಶ್ನೆ ಬಂದರೂ ನಾಲ್ಕು ಮಾತು: ಎಂತಾಯ್ತು, ಎಂತಕ್ಕಾಯ್ತು, ಯಾರಿಗಾಯ್ತು, ಆಮೇಲೆ ಎಂತಾಯ್ತು. ಇದರಲ್ಲಿ ಕೇಳಿದ್ದು ಯಾವುದೋ ಅಲ್ಲಿಂದಲೇ ಹೊರಡಬೇಕು. ಪಠ್ಯಪುಸ್ತಕ ಬಿಟ್ಟು ಬೇರೆ ಮುಟ್ಟಬೇಡಿ."

ಜಾಲಿಯ ಗೆಳತಿಗೆ ಆ ಸಂಜೆಯೇ ಫೋನು ಮಾಡಿದೆ. ಫಲಿತಾಂಶದ ದಿನದ ನನ್ನ ಒಣ ಮಾತಿಗೆ ಬೇಸರ ಮಾಡಿಕೊಳ್ಳಬೇಡ ಅಂದೆ. "ಅದೆಲ್ಲ ಬಿಡಿ ಅಕ್ಕ" ಅಂದು ಅವಳು ಒಂದು ಉಪಾಯ ಹೇಳಿದಳು. ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಯಾವುದು ಕೈಗೆ ಬರುತ್ತದೋ ಅದಕ್ಕೆ ಉತ್ತರ ಹೇಳಬೇಕು. "ನಾನು ಹಾಗೇ ಓದಿದ್ದು. ಸಾಲಾಗಿ ಓದಿದರೆ ಸಾಲು ಮಾತ್ರ ನೆನಪಿರ್ತದೆ."

ಕ್ಯಾಲೆಂಡರಿನ ಹಳೆ ಹಾಳೆ ಹರಿದು ಎಂಬತ್ತು ಚೀಟಿ ಮಾಡಿ ಬೆಲ್ಲದ ಡಬ್ಬಿಗೆ ತುಂಬಿದೆ. ಎತ್ತಿಕೊಡುವವರು ಬೇಕಲ್ಲ. ಮಧ್ಯಾಹ್ನ ಹೆದ್ದಾರಿ ಬದಿಯ ಮಾವಿನ ನೆರಳಲ್ಲಿ ಗೊಂಚಲು ಹೆಣೆಯುತ್ತ ಕೂತಾಗ ಡಬ್ಬಿಯನ್ನು ಅತ್ತೆಯ ಮುಂದಿಟ್ಟೆ. ಅತ್ತೆಗೆ ಓದಲು ಬರುವುದಿಲ್ಲ. ಒಂದು ಚೀಟಿ ಎತ್ತಿ, ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗಿಟ್ಟರು.

"ಎಂತ ಬಂತು?"

"ಕರ್ನಾಟಕದ ಏಕೀಕರಣ."

"ಹಾಂಗಂದ್ರೆ?"

ನನ್ನ ಬಾಯಿ ಗೈಡಿನ ಮೊದಲ ಸಾಲಿಗೆ ಹೋಯಿತು. ತಡೆದುಕೊಂಡೆ. "ಮೊದಲು ಕನ್ನಡ ಮಾತಾಡುವವರೆಲ್ಲ ಒಂದೇ ಸರ್ಕಾರದ ಕೆಳಗೆ ಇರಲಿಲ್ಲ ಅತ್ತೆ. ಬೇರೆ ಬೇರೆ ಕಡೆ ಹರಡಿ ಹೋಗಿದ್ರು. ನಾವು ಮುಂಬೈಯಲ್ಲಿದ್ವು."

"ನಾನೆಲ್ಲಿ ಮುಂಬೈಗೆ ಹೋಗಿದ್ದೆ?"

"ಹೋಗೂದಲ್ಲ. ಸರ್ಕಾರ ಮುಂಬೈಯದು. ಇಲ್ಲೇ ಕೂತಿದ್ರೂ ನಾವು ಮುಂಬೈಯವರು."

"ಅದು ಎಂತಕ್ಕೆ ಹಾಂಗೆ?"

ಈ ಎಂತಕ್ಕೆ ಅನ್ನುವುದಕ್ಕೆ ಗೈಡಿನಲ್ಲಿ ಉತ್ತರ ಇರಲಿಲ್ಲ. ಪುಸ್ತಕ ತೆಗೆದು, ಅದಕ್ಕೂ ಹಿಂದಿನ ಪಾಠಕ್ಕೆ ಹೋಗಿ, ಬ್ರಿಟಿಷರು ನಾಡನ್ನು ಹೇಗೆ ಹಂಚಿಕೊಂಡರು ಎಂಬುದನ್ನು ಓದಿ ಹೇಳಬೇಕಾಯಿತು. ಹೇಳುತ್ತಿದ್ದಂತೆ ಅತ್ತೆಗೆ ಏನೋ ಹೊಳೆಯಿತು. "ಅದಕ್ಕೇಯಾ! ನನ್ನ ಅಜ್ಜಯ್ಯ ಕಾಗದ ಪತ್ರ ಎಲ್ಲ ಮರಾಠಿಲಿ ಇತ್ತು, ಓದ್ಸೂಕೆ ಪೇಟೆಗೆ ಹೋಗ್ಬೇಕಿತ್ತು ಅಂತಿದ್ದ. ನಾನು ಅಂವ ಸುಳ್ಳು ಹೇಳ್ತಾ ಅಂತ ಮಾಡಿದ್ದೆ."

ಅಂದಿನಿಂದ ಡಬ್ಬಿ ಅವರದೇ ಆಯಿತು. ಬೆಳಿಗ್ಗೆ ಹರಿವೆ ಸೊಪ್ಪು ಕೊಯ್ಯುವಾಗ ಒಂದು, ನೀರು ಬಿಡುವಾಗ ಒಂದು. ಉತ್ತರ ಅರ್ಥವಾಗದಿದ್ದರೆ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುತ್ತಿದ್ದರು. ಅರ್ಥವಾದರೆ ಸೆರಗಿಗೆ ಗಂಟು ಕಟ್ಟಿಕೊಳ್ಳುತ್ತಿದ್ದರು. "ಇದು ಆತು." ಅವರಿಗೆ ಸುಲಭದಲ್ಲಿ ಅರ್ಥವಾಗುತ್ತಿರಲಿಲ್ಲ. ದಂಗೆಯ ಪರಿಣಾಮದ ಚೀಟಿ ನಾಲ್ಕು ಸಲ ಡಬ್ಬಿಗೆ ಮರಳಿತು. ಐದನೆಯ ಸಲ ನಾನು ಕಾರಣಗಳ ತಂಟೆಗೇ ಹೋಗದೆ, "ಕಂಪನಿ ಹೋಯ್ತು, ರಾಣಿಯೇ ಆಳೂಕೆ ಬಂದ್ಲು, ಅಲ್ಲಿಂದ ಶುರು" ಎಂದು ಹೇಳಿದೆ. ಅತ್ತೆ ಗಂಟು ಕಟ್ಟಿದರು. ನನಗೆ ಆಗ ಆದ ಸಂತೋಷ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಬರೆಯುವ ವೇಗವೂ ಬೇಕಿತ್ತು. ಕೊಡಲಿ, ಕತ್ತಿ ಹಿಡಿದ ಬೆರಳು ಪೆನ್ನನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ, ಅರ್ಧ ತಾಸಿಗೆ ನೋವು. ದಪ್ಪ ಹಿಡಿಯ ಪೆನ್ನು ತಂದು, ಗಡಿಯಾರ ಎದುರಿಟ್ಟುಕೊಂಡು ದಿನಕ್ಕೆ ಎರಡು ದೊಡ್ಡ ಉತ್ತರ ಬರೆದೆ. ಮೊದಲ ದಿನ ಒಂದಕ್ಕೆ ಮೂವತ್ತೈದು ನಿಮಿಷ ಹಿಡಿಯಿತು. ಎರಡನೇ ವಾರಕ್ಕೆ ಹದಿನೆಂಟಕ್ಕೆ ಇಳಿಯಿತು. ಭಾನುವಾರ ಮೇಷ್ಟ್ರು ನೋಡಿ, "ಇದು ನೀವು ಬರೆದದ್ದು" ಅಂದರು.

ಎರಡನೇ ಪರೀಕ್ಷೆಯ ದಿನ ಸೆಕೆ ವಿಪರೀತ. ಏಕೀಕರಣದ ಪ್ರಶ್ನೆ ಬರಲೇ ಇಲ್ಲ. ದಂಗೆಯೂ ಬರಲಿಲ್ಲ. ಒಂದು ದೊಡ್ಡ ಪ್ರಶ್ನೆಯಂತೂ ನಾನು ಚೀಟಿಯಲ್ಲಿ ಬರೆದೇ ಇರಲಿಲ್ಲ. ಅದನ್ನೇ ಮೊದಲು ತೆಗೆದುಕೊಂಡೆ. ಯಾರಿಗಾಯ್ತು ಅಂತ ಕೇಳಿದ್ದರು, ಯಾರಿಗಾಯ್ತು ಅಂತಲೇ ಶುರು ಮಾಡಿದೆ. ತುಟಿ ಅಲ್ಲಾಡಲಿಲ್ಲ. ಎಲ್ಲ ಮುಗಿಸಿ ಒಮ್ಮೆ ತಿರುವಿ ನೋಡಲು ಹತ್ತು ನಿಮಿಷ ಉಳಿದಿತ್ತು. ಹೊರಗೆ ಬಂದು ಒಂದು ಎಳನೀರು ಕುಡಿದೆ. ಫಲಿತಾಂಶಕ್ಕೆ ಕಾಯುವ ಆತಂಕ ನನಗೆ ಇರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ, ಆದರೆ ಅದು ನಿಜ. ಬಂದಾಗ ಇತಿಹಾಸದ್ದೇ ಎಲ್ಲಕ್ಕಿಂತ ಹೆಚ್ಚು ಅಂಕ.

ಕುಮಟಾದ ಕಾಲೇಜಿನಲ್ಲಿ ಬಿ.ಎ. ಅರ್ಜಿಗೆ ಕೊನೆಯ ದಿನ. ಕಾಗದ ಎಲ್ಲ ಸರಿಯಾಗಿತ್ತು, ಅಫಿಡವಿಟ್ಟು ಕೂಡ. ಗುಮಾಸ್ತೆ ಕೊನೆಯ ಪುಟಕ್ಕೆ ಬಂದು ನಿಂತಳು. "ಪಾಲಕರ ಸಹಿ ಇಲ್ಲ."

"ನನಗೆ ಮೂವತ್ತೆಂಟಾಯ್ತು ಮೇಡಂ."

"ಆಗಲಿ. ಜಾಗ ಖಾಲಿ ಬಿಟ್ಟರೆ ಒಳಗೆ ತಗೊಳ್ಳೂದಿಲ್ಲ. ಗಂಡನದ್ದು ಮಾಡಿಸಿ."

"ಅವರು ಗೋವಾದಲ್ಲಿ ಇದ್ದಾರೆ."

"ಹಾಗಾದ್ರೆ ಮನೆಯ ಹಿರಿಯರು ಯಾರಾದ್ರೂ."

ಪಕ್ಕದ ಮನೆಯ ರಿಕ್ಷಾದವರಿಗೆ ಫೋನು ಮಾಡಿದೆ. ಮುಕ್ಕಾಲು ತಾಸಿನಲ್ಲಿ ಅತ್ತೆ ಬಂದಿಳಿದರು. ಹೊಸ ಸೀರೆ, ತಲೆಗೆ ಅಬ್ಬಲಿಗೆ ಹೂವು. ಕಾಲೇಜಿನ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಗುಮಾಸ್ತೆ ಇಂಕಿನ ಪ್ಯಾಡು ಮುಂದೆ ಸರಿಸಿದಳು. ಅತ್ತೆ ಹೆಬ್ಬೆರಳು ಅದ್ದಿದವರು ಹಾಗೇ ಗಾಳಿಯಲ್ಲಿ ನಿಲ್ಲಿಸಿ ಕೇಳಿದರು.

"ಇದು ಎಂತಕ್ಕೆ?"

"ಇವರು ಸರಿಯಾಗಿ ಬರದಿದ್ದರೆ, ಓದದಿದ್ದರೆ ನಾವು ನಿಮ್ಮನ್ನ ಕರೆಸಿ ಕೇಳ್ತೇವೆ ಅಜ್ಜಿ. ಅದಕ್ಕೆ."

"ಇವಳಿಗೆ ಬೈಯೂ ಅಧಿಕಾರ ನನಗಾ?"

"ನಿಮಗೇ."

ಅತ್ತೆ ಹೆಬ್ಬೆಟ್ಟನ್ನು ಒತ್ತಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರು. ಪಕ್ಕದಲ್ಲಿ ಸಂಬಂಧ ಎಂಬಲ್ಲಿ ಗುಮಾಸ್ತೆ 'ಅತ್ತೆ' ಎಂದು ಬರೆದು ಮೊಹರು ಹಾಕಿದಳು. ಹೊರಗೆ ಬಂದ ಮೇಲೆ ಅತ್ತೆ ಇಂಕಿನ ಬೆರಳನ್ನು ನಲ್ಲಿಗೆ ಹಿಡಿಯದೆ, ರಿಕ್ಷಾ ಹತ್ತುವಾಗ ನನ್ನ ಕಡೆ ತಿರುಗಿ ಹೇಳಿದರು:

"ಸೋಮವಾರ ಎಷ್ಟು ಹೊತ್ತಿಗೆ ಕ್ಲಾಸು? ತಡ ಮಾಡೂ ಹಾಂಗಿಲ್ಲ. ಕರ್ಸಿ ಕೇಳೂದು ನನ್ನ."